ಮುದ್ದತು ಮುಗಿದ ಪರವಾನಗಿ



ವೃದ್ಧಾಶ್ರಮದ ಕಟ್ಟಡ ಪರವಾನಗಿಯ ಅವಧಿ ವಿಸ್ತರಣೆ. ಈ ಸಂಕಿರಣದ ಆಮಂತ್ರಣ ಪತ್ರಿಕೆಯಲ್ಲಿ ಈ ವಿಷಯ ನೋಡಿದ ನನ್ನ ಗೆಳೆಯರೊಬ್ಬರು, "ಇದಕ್ಕ ಒಂದ್ ಇಡೀ ದಿನ ಬೇಕೇನ್ರೀ? ಒಂದು ಅರ್ಜಿ, ಒಂದು ಚಲನ್, ಮುಗೀತಲ್ಲ" ಎಂದರು. ಮೂವತ್ತು ವರ್ಷ ನಗರ ಯೋಜನೆಯ ಕೆಲಸ ಮಾಡಿ ನಿವೃತ್ತನಾದ ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆ ಅಭಿಪ್ರಾಯ ಬದಲಾದದ್ದು ಒಂದು ಪಾಯ ನೋಡಿದ ಮೇಲೆ.

ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿಯ ಹೊರಗೆ, ಕಬ್ಬಿನ ಹೊಲಗಳ ನಡುವೆ, ಆ ಪಾಯ ಇದೆ. ಉದ್ದ ಎಪ್ಪತ್ತು ಅಡಿ ಇದ್ದೀತು. ಕರಿಕಲ್ಲಿನ ಕಟ್ಟಣೆ, ಮೇಲೆ ಪ್ಲಿಂತ್ ಬೀಮ್, ಬೀಮಿನಿಂದ ಮೊಳದುದ್ದ ಮೇಲೆದ್ದ ಕಾಲಂ ಸರಳುಗಳು. ತುಕ್ಕು ಹಿಡಿಯದಿರಲೆಂದು ಯಾರೋ ಒಂದೊಂದು ಸರಳಿಗೂ ಖಾಲಿ ನೀರಿನ ಬಾಟಲಿ ಬೋರಲು ಹಾಕಿದ್ದಾರೆ. ಅರ್ಧ ಬಾಟಲಿಗಳು ಬಿಸಿಲಿಗೆ ಒಡೆದಿವೆ. ಒಳಗೆ ಮುರುಮು ತುಂಬಬೇಕಾದ ಅಂಕಣಗಳಲ್ಲಿ ಜಾಲಿ ಬೆಳೆದಿದೆ. ಊರಿನ ಅಜ್ಜಿಯೊಬ್ಬರು ತಮ್ಮ ಪಾಲಿನ ಹೊಲದಲ್ಲಿ ಇಪ್ಪತ್ತು ಗುಂಟೆ ಬಿಟ್ಟುಕೊಟ್ಟದ್ದರಿಂದ ಶುರುವಾದ ಕೆಲಸ ಅದು. ನಿವೃತ್ತ ಶಿಕ್ಷಕರು, ಸೊಸೈಟಿಯ ಹಳೆಯ ಕಾರ್ಯದರ್ಶಿ, ಒಬ್ಬ ಕಂಪೌಂಡರ್, ಹೀಗೆ ಏಳೆಂಟು ಜನ ಸೇರಿ ಟ್ರಸ್ಟ್ ಮಾಡಿದರು. ಉತಾರ ತೆಗೆಸಿದರು, ಜಮೀನನ್ನು ಕೃಷಿಯೇತರ (ಎನ್.ಎ.) ಮಾಡಿಸಿದರು, ನಕಾಶೆ ಹಾಕಿಸಿದರು, ಪರವಾನಗಿಯೂ ಬಂತು. ಅರ್ಜಿ ಹಾಕಿದಾಗ ಆ ಹಳ್ಳಿ ಗೋಕಾಕ ತಾಲ್ಲೂಕಿನದು. ಪಾಯ ಮುಗಿಯುವ ಹೊತ್ತಿಗೆ, 2018ರಲ್ಲಿ, ಮೂಡಲಗಿ ಹೊಸ ತಾಲ್ಲೂಕಾಗಿ ಕಡತ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಯಿತು.

ಹಣ ಬರುತ್ತಿದ್ದದ್ದು ಕಬ್ಬಿನ ಬಿಲ್ಲಿನ ಜೊತೆಗೆ. ಕಾರ್ಖಾನೆಯಿಂದ ಬಿಲ್ ಆದರೆ ದೇಣಿಗೆ, ಬಿಲ್ ತಡವಾದರೆ ದೇಣಿಗೆಯೂ ತಡ. ಇದನ್ನು ನಾವು ಯೋಜಕರು ಗಮನಕ್ಕೆ ತಂದುಕೊಳ್ಳುವುದೇ ಇಲ್ಲ. ಬ್ಯಾಂಕ್ ಸಾಲ ಹಿಡಿದು ಹದಿನೆಂಟು ತಿಂಗಳಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುವ ಬಿಲ್ಡರನಿಗೂ, ಸುಗ್ಗಿಯಿಂದ ಸುಗ್ಗಿಗೆ ಒಂದೊಂದು ವರಸೆ ಇಟ್ಟಿಗೆ ಏರಿಸುವ ಟ್ರಸ್ಟಿಗೂ ನಮ್ಮ ಪರವಾನಗಿ ಹಾಳೆ ಒಂದೇ ಲೆಕ್ಕದಲ್ಲಿ ದಿನ ಎಣಿಸುತ್ತದೆ.

ಆಮೇಲೆ 2019ರ ಆಗಸ್ಟ್ ಬಂತು. ಈ ಸಭೆಯಲ್ಲಿರುವ ಗೋಕಾಕದವರಿಗೆ ನಾನು ಅದನ್ನು ವರ್ಣಿಸಬೇಕಾಗಿಲ್ಲ. ಹೊರಗಿನಿಂದ ಬಂದವರಿಗಾಗಿ ಎರಡು ಮಾತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಸುಮಾರು 51 ಟಿಎಂಸಿಯದು. ಅದು ತುಂಬಿ ಗೇಟು ತೆಗೆದಾಗ ಘಟಪ್ರಭೆ ಏರುತ್ತದೆ. ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿ ಅದೇ ನದಿಗೆ ಸೇರುತ್ತದೆ, ಗೋಕಾಕದ ಬಳಿ ಮಾರ್ಕಂಡೇಯವೂ ಬಂದು ಕೂಡುತ್ತದೆ. ಮೂರೂ ಒಂದೇ ವಾರ ಉಕ್ಕಿದರೆ ನೀರು ಹೋಗಲು ದಾರಿ ಇಲ್ಲ, ಓಣಿಗಳಿಗೇ ಬರಬೇಕು. ಆ ವರ್ಷ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಮನೆಗಳು ಮುಳುಗಿದವು, ಕೆಳಗೆ ಸುಣಧೋಳಿ, ಅವರಾದಿಯಂಥ ನದಿದಂಡೆಯ ಊರುಗಳು ನೀರಿನೊಳಗೆ ನಿಂತವು. 2021ರ ಜುಲೈನಲ್ಲಿ ಮತ್ತೆ, 2024ರ ಜುಲೈನಲ್ಲಿ ಮತ್ತೆ.

ಆ ದಿನಗಳಲ್ಲಿ, ನೆರೆ ಸಂತ್ರಸ್ತರನ್ನು ಇರಿಸಿದ್ದ ಶಾಲೆಯ ಕೋಣೆಗಳಲ್ಲಿ ನಾನು ಕಂಡ ಮುದುಕರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನೆಲಕ್ಕೆ ಹಾಸಿದ ಜಮಖಾನದ ಮೇಲಿಂದ ಏಳಲಾರದೆ, ಹೊರಗಿನ ಶೌಚಾಲಯಕ್ಕೆ ನಡೆದು ಹೋಗಲಾರದೆ, ನೀರು ಕುಡಿದರೆ ಮತ್ತೆ ಏಳಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಕೂತವರು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮನೆಯ ಗೂಡಿನಲ್ಲೇ ಬಿಟ್ಟು, ನೀರಿಗೆ ಕಳೆದುಕೊಂಡವರು. ತಾವು ಎಲ್ಲಿದ್ದೇವೆಂದು ತಿಳಿಯದೆ ರಾತ್ರಿಯಿಡೀ "ಮನೀಗಿ ನಡೀರಿ" ಎಂದವರು. ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದುದನ್ನು ಸರ್ಕಾರ ಈಗ ಕಾಳಜಿ ಕೇಂದ್ರ ಎಂದು ಕರೆಯುತ್ತದೆ. ಒಳ್ಳೆಯ ಹೆಸರು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನದಿದಂಡೆಯ ಎಷ್ಟೋ ಮುದುಕರು ಜನ್ಮದಲ್ಲಿ ಕಂಡ ಒಂದೇ ಒಂದು ಕಾಳಜಿಯ ಮನೆ ಅದು, ಅದೂ ನೀರು ಇಳಿಯುವ ತನಕ.

2020ರ ಮಾರ್ಚಿನಲ್ಲಿ ಲಾಕ್‌ಡೌನ್. ಅಷ್ಟರಲ್ಲಿ ಆ ಟ್ರಸ್ಟಿನ ಪರವಾನಗಿಯ ಮುದ್ದತು ಮುಗಿದಿತ್ತು. ಅವರು ವಿಸ್ತರಣೆಗೆ ಅರ್ಜಿ ಹಾಕಿದರು, ಕಾಗದ ನೋಡಿಕೊಡಿ ಎಂದು ನನ್ನ ಬಳಿ ಬಂದರು. ಸಂಬಂಧಪಟ್ಟ ಕಚೇರಿ ಕೇಳಿದ ದಾಖಲೆಗಳ ಪಟ್ಟಿ ಎರಡು ಪುಟ ಇತ್ತು. ಉತಾರ ಹೊಸದು ಬೇಕು, ನಕಾಶೆಗೆ ಮತ್ತೆ ಸಹಿ ಬೇಕು, ಟ್ರಸ್ಟಿನ ಠರಾವು ಬೇಕು, ತೆರಿಗೆ ಪಾವತಿ, ಇ-ಸ್ವತ್ತು, ಹೊಸ ಶುಲ್ಕ. ಎಲ್ಲಾ ಕೇಳಿದ್ದರು. ಕೇಳದೆ ಬಿಟ್ಟದ್ದು ಒಂದೇ: ಹೋದ ವರ್ಷ ಇಲ್ಲಿ ನೀರು ಎಷ್ಟು ಎತ್ತರಕ್ಕೆ ಬಂದಿತ್ತು?

ನಾನು ಹೋಗಿ ನೋಡಿದೆ. ಪಕ್ಕದ ಪಂಪ್‌ಹೌಸಿನ ಗೋಡೆಯ ಮೇಲೆ ಕೆಸರಿನ ಗೆರೆ ಇನ್ನೂ ಇತ್ತು. ಟೇಪು ಹಿಡಿದರೆ ಆ ಗೆರೆ ಪಾಯದ ಪ್ಲಿಂತಿಗಿಂತ ಎರಡು ಅಡಿ ಮೇಲೆ. ಅಂದರೆ ಮಂಜೂರಾದ ನಕಾಶೆಯಂತೆಯೇ ಕಟ್ಟಿ ಮುಗಿಸಿದ್ದರೆ, ಮಂಚದಿಂದ ಇಳಿಯಲಾರದ ಮೂವತ್ತು ಜನರನ್ನು ಆ ನೀರಿನಲ್ಲಿ ಮಲಗಿಸಿದಂತಾಗುತ್ತಿತ್ತು.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಅವಧಿ ವಿಸ್ತರಣೆ ಎಂದರೆ ಹಳೆಯ ಹಾಳೆಯ ಮೇಲೆ ಹೊಸ ತಾರೀಖು ಹಾಕುವುದಲ್ಲ. ಹಾಗೆಂದು ಅರ್ಜಿದಾರನನ್ನು ಮತ್ತೆ ಮೊದಲಿನ ಮೆಟ್ಟಿಲಿಗೆ ಇಳಿಸುವುದೂ ಅಲ್ಲ. ಅದು ಜಾಗವನ್ನು ಎರಡನೆಯ ಸಲ ನೋಡಲು ನಮಗೆ ಸಿಗುವ ಅವಕಾಶ. ಬೇರೆ ಕಟ್ಟಡಕ್ಕೆ ಈ ಎರಡನೆಯ ನೋಟ ಇರದಿದ್ದರೂ ನಡೆದೀತು. ತಾನಾಗಿ ಎದ್ದು ಓಡಲಾರದವರಿಗೆ ಕಟ್ಟುವ ಮನೆಗೆ ಅದು ಇರಲೇಬೇಕು.

ನೀರಿನ ಗೆರೆಯ ಮಾತಾಯಿತು, ಇನ್ನು ಮೆಟ್ಟಿಲಿನ ಮಾತು. ಹೊಲ ಕೊಟ್ಟ ಅಜ್ಜಿ ಆ ದಿನ ಅಲ್ಲೇ ಬೇವಿನ ಮರದ ಕೆಳಗೆ ಕೂತಿದ್ದರು. ಪಾಯ ಎತ್ತರಿಸಬೇಕಾಗುತ್ತದೆ ಎಂದು ನಾನು ಟ್ರಸ್ಟಿನವರಿಗೆ ವಿವರಿಸುತ್ತಿದ್ದದ್ದನ್ನು ಕೇಳಿಸಿಕೊಂಡು, "ತಮ್ಮಾ, ಹಂಗಾದ್ರ ಒಳಗ ಹತ್ತಾಕ ಎಷ್ಟ್ ಮೆಟ್ಟಲಾ ಆಗತಾವು?" ಎಂದರು. ಅವರ ಮೊಣಕಾಲಿನ ಮೇಲೆ ಎಣ್ಣೆ ಹಚ್ಚಿ ಕಟ್ಟಿದ ಬಟ್ಟೆ ಇತ್ತು. ನಾನು ಲೆಕ್ಕ ಮಾಡತೊಡಗಿದೆ. ಗಾಲಿಕುರ್ಚಿ ಹೋಗುವ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಅಳತೆ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಪ್ಲಿಂತ್ ನಾಲ್ಕು ಅಡಿಗೆ ಹೋದರೆ ಇಳಿಜಾರೇ ನಲವತ್ತೆಂಟು ಅಡಿ, ನಡುವೆ ನಿಂತು ಉಸಿರು ತೆಗೆದುಕೊಳ್ಳುವ ಸಮತಟ್ಟು ಬೇರೆ. ಮಂಜೂರಾದ ನಕಾಶೆಯಲ್ಲಿ ಮುಂಭಾಗಕ್ಕೆ ಬಿಟ್ಟಿದ್ದ ಜಾಗ ಹದಿನೈದು ಅಡಿ. ನದಿ ಎತ್ತರಿಸು ಎನ್ನುತ್ತದೆ, ಮೊಣಕಾಲು ತಗ್ಗಿಸು ಎನ್ನುತ್ತದೆ. ಎರಡಕ್ಕೂ ಉತ್ತರ ಬೇಕಾದರೆ ನಕಾಶೆಯನ್ನೇ ತಿರುಗಿಸಬೇಕು, ಇಲ್ಲವೇ ಹೊಲದ ಮೇಲಿನ ಬದುವಿನ ಕಡೆಗೆ ಕಟ್ಟಡವನ್ನು ಸರಿಸಬೇಕು. ಆದರೆ ಅದು 'ಮಾರ್ಪಾಡು' ಆಯಿತು, ವಿಸ್ತರಣೆಯ ಅರ್ಜಿಯಲ್ಲಿ ಅದು ಬರುವುದಿಲ್ಲ, ಅದಕ್ಕೆ ಬೇರೆ ಕಡತ ಎಂದರು ಕಚೇರಿಯವರು. ಅಜ್ಜಿಗೆ ನಾನು ಉತ್ತರ ಕೊಡಲಿಲ್ಲ.

ಕಾನೂನಿನ ಚೌಕಟ್ಟನ್ನು ವೇಗವಾಗಿ ನೋಡಿಬಿಡೋಣ, ಮುಂದಿನ ಗೋಷ್ಠಿಗಳಲ್ಲಿ ಬಲ್ಲವರು ಬಿಡಿಸಿ ಹೇಳುತ್ತಾರೆ. ಜಮೀನಿನ ಪರಿವರ್ತನೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ, ಹಳ್ಳಿಯ ಕಟ್ಟಡ ಅನುಮತಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಲ್ಲಿ, ಯೋಜನಾ ಪ್ರದೇಶದೊಳಗಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ. ಮೂರು ಬಾಗಿಲು, ಮೂರು ಬೀಗ. ನೆರೆಯ ಕೊಲ್ಲಾಪುರದಲ್ಲಿ ಮಹಾರಾಷ್ಟ್ರದ 1966ರ ಕಾಯ್ದೆಯ ಪ್ರಕಾರ ಪರವಾನಗಿ ಒಂದು ವರ್ಷ ಬದುಕಿರುತ್ತದೆ, ಮುಗಿಯುವ ಮೊದಲು ಕೇಳಿಕೊಂಡರೆ ವರ್ಷ ವರ್ಷಕ್ಕೆ ಮುಂದುವರಿಯುತ್ತದೆ, ಅದಕ್ಕೂ ಒಂದು ಗಡಿ ಇದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೆಲಸ ಆರಂಭವಾಗಬೇಕು; ಪಾಯದ ಗುಂಡಿ ತೋಡಿದರೂ ಆರಂಭವಾಯಿತೆಂದೇ ಲೆಕ್ಕ. ಕೋವಿಡ್ ಬಂದಾಗ ಅಲ್ಲಿನ ಸಂಸತ್ತು 2020ರಲ್ಲಿ ಕಾಯ್ದೆ ಮಾಡಿ, ಆ ನಡುವೆ ಮುಗಿಯುತ್ತಿದ್ದ ಅನುಮತಿಗಳನ್ನು 2021ರ ಮೇ 1ರ ವರೆಗೆ ಎಳೆಯಿತು. ನಮ್ಮಲ್ಲೂ ರೇರಾ ಕಾಯ್ದೆಯ 6ನೇ ಕಲಮು ನೆರೆ, ಬರ, ಬೆಂಕಿ, ಭೂಕಂಪಗಳನ್ನು ಹೆಸರಿಟ್ಟು ಹೇಳಿ ಅವಧಿ ವಿಸ್ತರಿಸಲು ಅವಕಾಶ ಕೊಡುತ್ತದೆ. ಕೋವಿಡ್ಡಿನಲ್ಲಿ ನೋಂದಾಯಿತ ಯೋಜನೆಗಳಿಗೆ ಅರ್ಜಿಯಿಲ್ಲದೆಯೇ ಆರು ತಿಂಗಳು ಕೊಡಿ ಎಂದು ಕೇಂದ್ರವೇ ಹೇಳಿತು. ಆದರೆ ರೇರಾ ಇರುವುದು ಮಾರಾಟದ ಮನೆಗಳಿಗೆ. ಮಾರದೆ, ಬಾಡಿಗೆಗೂ ಕೊಡದೆ, ಧರ್ಮಕ್ಕೆ ಕಟ್ಟುವ ಮನೆ ಅದರ ನೆರಳಿಗೆ ಬರುವುದಿಲ್ಲ. ನೆರೆ ಬಂದಾಗ ಎರಡೂ ಬಗೆಯ ಮನೆಗಳಿಗೆ ನುಗ್ಗಿದ್ದು ಒಂದೇ ನೀರು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ತೆರೆದರೆ ವೃದ್ಧಾಶ್ರಮ ಸಾಂಸ್ಥಿಕ ಕಟ್ಟಡಗಳ ಗುಂಪಿನಲ್ಲಿ, ಅನಾಥಾಲಯದ ಪಕ್ಕ ಕೂತಿದೆ. ಅದೇ ಗುಂಪಿನಲ್ಲಿ ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ಸೆರೆಮನೆ. ಬೆಂಕಿ ಬಿದ್ದಾಗ ತಾವಾಗಿ ಹೊರಬರಲಾರದವರ ಕಟ್ಟಡಗಳೆಂಬ ತರ್ಕ ಅದರ ಹಿಂದಿದೆ, ಸರಿಯಾದ ತರ್ಕವೇ. ಬೆಂಕಿಗೆ ಹಾಕಿದ ಆ ಲೆಕ್ಕವನ್ನು ನಾವು ನೀರಿಗೂ ಹಾಕಬೇಕು.

ಇಂಥ ಮನೆಗಳ ಅಗತ್ಯ ಎಷ್ಟಿದೆ? 2011ರ ಜನಗಣತಿಯಂತೆ ರಾಜ್ಯದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ, ಜನಸಂಖ್ಯೆಯ ಶೇ 9.5. ಬೆಳಗಾವಿ ಜಿಲ್ಲೆಯ ಆಗಿನ 47.8 ಲಕ್ಷ ಜನರಿಗೆ ಅದೇ ಸರಾಸರಿ ಹಿಡಿದರೆ ನಾಲ್ಕೂವರೆ ಲಕ್ಷ ಹಿರಿಯರು. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಮು ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಕನಿಷ್ಠ 150 ನಿರ್ಗತಿಕರಿಗೆ ಎನ್ನುತ್ತದೆ. ಅಂದರೆ ಮೂರು ಸಾವಿರ ಜನರಿಗೆ ಒಂದು ಮಂಚ. ಉಳಿದದ್ದನ್ನು ಊರವರೇ ಕಟ್ಟಬೇಕು. ಅಂಥ ಕಡೆ ಪರವಾನಗಿ ಸತ್ತು ನಿಂತ ಒಂದು ಪಾಯವೂ ಸಣ್ಣ ನಷ್ಟವಲ್ಲ.

ಊರವರೇ ಕಟ್ಟಬಲ್ಲರು ಎಂದು ನಾನು ಭರವಸೆಯಿಂದ ಹೇಳುತ್ತೇನೆ, ಏಕೆಂದರೆ ಈ ನೆಲ ಅದನ್ನು ಮಾಡಿ ತೋರಿಸಿದೆ. ಹುಕ್ಕೇರಿಯ ರೈತರು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಮಾಡಿಕೊಂಡು ಕರೆಂಟನ್ನೇ ಸಹಕಾರದಲ್ಲಿ ಹಂಚಿದವರು. ಘಟಪ್ರಭೆಯಲ್ಲಿ ಜೆ.ಜಿ. ಸಹಕಾರಿ ಆಸ್ಪತ್ರೆ ಇದೆ. ಆರೈಕೆಯ ಮನೆಯೊಂದಕ್ಕೆ ದಾದಿಯರು, ವೈದ್ಯರು, ಆಂಬುಲೆನ್ಸ್ ಎಲ್ಲಿಂದ ಎಂದು ಕೇಳುವವರು ಮೊದಲು ಆ ಕಡೆ ನೋಡಬೇಕು. ವೃದ್ಧಾಶ್ರಮವೆಂದರೆ ಮಕ್ಕಳ ಮರ್ಯಾದೆ ಹೋದಂತೆ ಎಂಬ ಮಾತು ನಮ್ಮಲ್ಲಿದೆ. ಮಗ ಪುಣೆಯಲ್ಲೋ ಇಚಲಕರಂಜಿಯಲ್ಲೋ ದುಡಿಯುತ್ತಾನೆ, ತಿಂಗಳಿಗೆ ದುಡ್ಡು ಕಳಿಸುತ್ತಾನೆ, ಹಬ್ಬಕ್ಕೆ ಬರುತ್ತಾನೆ. ಪಾರ್ಶ್ವವಾಯು ಹೊಡೆದ ತಾಯಿಯನ್ನು ದಿನಕ್ಕೆ ನಾಲ್ಕು ಸಲ ಮಗ್ಗುಲು ಹೊರಳಿಸಲು ಅವನಿಂದ ಆಗುವುದಿಲ್ಲ. ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಇಲ್ಲಿ ಪ್ರೀತಿಯ ಕೊರತೆಯಿಲ್ಲ, ಕೈಗಳ ಕೊರತೆಯಿದೆ.

ಸಂಕಿರಣದ ಮುಂದೆ ನಾನು ಇಡುವ ಬೇಡಿಕೆಗಳು ಈ ಪಾಯದಿಂದಲೇ ಹುಟ್ಟಿದವು. ಆರೈಕೆ ಮನೆಯ ವಿಸ್ತರಣೆ ಅರ್ಜಿಯ ಜೊತೆಗೇ ನಕಾಶೆಯ ಮಾರ್ಪಾಡನ್ನೂ ಸ್ವೀಕರಿಸಿ, ಒಂದೇ ಕಡತದಲ್ಲಿ, ಒಂದೇ ಸ್ಥಳ ತನಿಖೆಯಲ್ಲಿ ಮುಗಿಸಬೇಕು. ಆ ತನಿಖೆಯಲ್ಲಿ 2019ರ ನೀರಿನ ಗೆರೆಯನ್ನು ಪ್ಲಿಂತಿನಿಂದ ಅಳೆದು ಹಾಳೆಯ ಮೇಲೆ ಬರೆಯಬೇಕು. ನೀರು ಬಂದಾಗ ಮುಳುಗದ ಯಾವ ರಸ್ತೆಯಿಂದ ಆಂಬುಲೆನ್ಸ್ ಬರುತ್ತದೆಂಬುದನ್ನೂ ಬರೆಯಬೇಕು. ಉಳಿದ ಕಾಗದಗಳು ಮೊದಲ ಕಡತದಲ್ಲೇ ಇವೆ, ಅವನ್ನು ಮತ್ತೆ ಕೇಳಬಾರದು. ದೇಣಿಗೆಯಿಂದ ಕಟ್ಟುವವರಿಗೆ ಅವಧಿಯನ್ನು ಮೊದಲೇ ಉದ್ದ ಕೊಡಬೇಕು, ಪಾಯಕ್ಕಿಷ್ಟು, ಛತ್ತಿಗಿಷ್ಟು ಎಂದು ಹಂತ ಹಂತವಾಗಿ. ಮುದ್ದತು ಮುಗಿಯುವ ಮೂರು ತಿಂಗಳು ಮೊದಲು ಕಚೇರಿಯೇ ಅವರಿಗೊಂದು ಪತ್ರ ಹಾಕಬೇಕು. ಕೊನೆಯದನ್ನು ಹೇಳುವಾಗ ಕೆಲವರು ತಲೆ ಅಲ್ಲಾಡಿಸುತ್ತಿರುವುದು ಕಾಣುತ್ತಿದೆ, ಸಿಬ್ಬಂದಿ ಇಲ್ಲ ಎಂಬುದು ನನಗೂ ಗೊತ್ತು. ಆದರೂ ಕೇಳುತ್ತೇನೆ.

ಹೀಗೂ ಒಂದು ಸಂದರ್ಭ ಬರುತ್ತದೆ: ಎರಡನೆಯ ಸಲ ನೋಡಿದಾಗ ಆ ಜಾಗ ಆಗದು ಎಂದೇ ತೀರಬಹುದು. ಆಗ ಇಲ್ಲ ಎನ್ನುವ ಧೈರ್ಯ ನಮಗೆ ಬೇಕು. ಇಲ್ಲ ಎಂದ ಮೇಲೆ ಬೇರೆ ಜಾಗ ಹುಡುಕಿಕೊಡುವ ಹೊಣೆಯೂ ನಮ್ಮದಾಗಬೇಕು. ಹೊಲ ಕೊಟ್ಟವರು ತಮ್ಮ ಕೈಲಾದದ್ದನ್ನು ಕೊಟ್ಟಾಗಿದೆ.

ಸಂಘಟಕರು ಮಧ್ಯಾಹ್ನ ಸ್ಥಳ ಭೇಟಿ ಇಟ್ಟಿದ್ದಾರೆ. ಎರಡೂವರೆಗೆ ಬಸ್ ಹೊರಡುತ್ತದೆ. ಮೊದಲು ಲೋಳಸೂರ ಸೇತುವೆ, ಅಲ್ಲಿಂದ ಆ ಪಾಯ. ವಿದ್ಯಾರ್ಥಿಗಳು ಟೇಪು, ಲೆವೆಲ್ ಟ್ಯೂಬು, ಮಂಜೂರಾದ ನಕಾಶೆಯ ಪ್ರತಿ ಹಿಡಿದುಕೊಂಡು ಬನ್ನಿ. ಪಂಪ್‌ಹೌಸಿನ ಗೋಡೆಗೆ ಈ ನಡುವೆ ಸುಣ್ಣ ಬಳಿದಿದ್ದಾರೆ, ಗೆರೆ ಇದ್ದ ಎತ್ತರಕ್ಕೆ ನಾನು ಒಂದು ಮೊಳೆ ಹೊಡೆಸಿಟ್ಟಿದ್ದೇನೆ, ಅಲ್ಲಿಂದ ಅಳೆಯಬಹುದು. ನಾವು ಬರುತ್ತೇವೆಂದು ಅಜ್ಜಿಗೆ ಹೇಳಿ ಕಳಿಸಿದ್ದೇನೆ. ಎಷ್ಟು ಮೆಟ್ಟಿಲು ಎಂದು ಅವರು ಮತ್ತೆ ಕೇಳುತ್ತಾರೆ.