ಘಟೋತ್ಕಚನಿಗೊಂದು ರಟ್ಟಿನ ಮುಖವಾಡ

ತಿರುವನಂತಪುರದ ಉಳ್ಳೂರಿನಿಂದ ಮಾತಾಡ್ತಿದ್ದೀನಿ. ಟೆಕ್ನೋಪಾರ್ಕ್‌ನಲ್ಲಿ ಕೆಲಸ ಮಾಡೋ ಕನ್ನಡದವರು ನಾಲ್ಕು ಜನ ಸೇರಿದ್ರೆ ಒಂದೇ ಮಾತು: ಮಕ್ಕಳಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲೋ ಮಲಯಾಳದಲ್ಲೋ ಬರುತ್ತೆ. ನಮ್ಮ ಆರು ವರ್ಷದ ಮಗಳೂ ಹಾಗೇ ಇದ್ಲು. ಅವಳ ಬಾಯಲ್ಲಿ ಕನ್ನಡ ತಂದಿದ್ದು ಭಾಸನ ನಾಟಕ. ನಗಬೇಡಿ, ಪೂರ್ತಿ ಕೇಳಿ.

ಭಾಸ ಈ ಊರಿಗೆ ದೂರದವನಲ್ಲ. ಅವನ ಹೆಸರು ಮಾತ್ರ ಉಳಿದು ನಾಟಕಗಳು ಕಳೆದೇ ಹೋಗಿದ್ವು. 1909ರಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ಪದ್ಮನಾಭಪುರದ ಹತ್ತಿರದ ಮಠವೊಂದರಲ್ಲಿ ಮಲಯಾಳ ಲಿಪಿಯ ತಾಳೆಗರಿಗಳು ಸಿಕ್ಕವು. 1912ರಿಂದ ಒಟ್ಟು 13 ನಾಟಕಗಳು ತಿರುವನಂತಪುರದಲ್ಲೇ ಅಚ್ಚಾದವು. ಎಲ್ಲವೂ ಭಾಸನವೇನಾ ಅನ್ನೋ ಜಗಳ ಪಂಡಿತರಿಗಿರಲಿ. ನಾವು ಆರಿಸಿಕೊಂಡಿದ್ದು ಒಂದೇ ಅಂಕದ ‘ಮಧ್ಯಮವ್ಯಾಯೋಗ’.

ಮೊದಲು ಕಥೆ ಹೇಳಲಿಲ್ಲ, ಮುಖವಾಡ ಮಾಡೋಕೆ ಕೂತ್ವಿ. ಕೊರಿಯರ್ ಡಬ್ಬದ ರಟ್ಟು, ಮೈದಾ ಕಾಯಿಸಿದ ಅಂಟು, ಕೂದಲಿಗೆ ತೆಂಗಿನ ನಾರು. ನಾರಿಗೆ ಕೇರಳದಲ್ಲಿ ಬರವೇ? ಕತ್ತರಿ ಕೆಲಸ ನಂದು, ಹಲ್ಲು ಅಂಟಿಸೋದು ಅವಳದ್ದು. ಮುಖಕ್ಕೆ ಕಟ್ಟಬೇಡಿ, ಕಡ್ಡಿಗೆ ಅಂಟಿಸಿ. ಚಿಕ್ಕ ಮಕ್ಕಳಿಗೆ ಉಸಿರು ಕಟ್ಟಿದ ಹಾಗಾಗಲ್ಲ, ಮಾತೂ ಸ್ಪಷ್ಟ ಕೇಳುತ್ತೆ.

ಕೈ ಕೆಲಸದಲ್ಲಿದ್ದಾಗ ಪ್ರಶ್ನೆ ತಾನಾಗಿ ಬರುತ್ತೆ. ‘ಇವನು ಕೆಟ್ಟೋನಾ ಅಪ್ಪಾ?’ ಅಂದ್ಲು. ಭಾಸನ ಘಟೋತ್ಕಚನಿಗೆ ತಾನು ಮಾಡ್ತಿರೋದು ತಪ್ಪು ಅಂತ ಗೊತ್ತು. ಆದರೆ ಉಪವಾಸ ಮುಗಿಸೋಕೆ ಒಬ್ಬ ಮನುಷ್ಯನನ್ನ ತಾ ಅಂತ ಅಮ್ಮ ಹೇಳಿದ್ದಾಳೆ. ಅದಕ್ಕೇ ಮುಖವಾಡಕ್ಕೆ ಎರಡು ಬದಿ ಮಾಡಿದ್ವಿ: ಮುಂದೆ ಕೋಪದ ಮುಖ, ಹಿಂದೆ ಪೆಚ್ಚುಮೋರೆ. ಯಾವ ಮಾತಿಗೆ ಯಾವ ಬದಿ ಅಂತ ಅವಳೇ ತೀರ್ಮಾನ ಮಾಡ್ತಾಳೆ. ನನ್ನ ಪ್ರಕಾರ ನಾಟಕ ಅರ್ಥ ಮಾಡ್ಕೊಳ್ಳೋದು ಅಂದ್ರೆ ಇದೇ.

ಕಾಡಲ್ಲಿ ಸಿಕ್ಕ ಸಂಸಾರಕ್ಕೆ ಮೂರು ಗಂಡುಮಕ್ಕಳು. ಅಪ್ಪ ದೊಡ್ಡವನನ್ನ ಬಿಡಲ್ಲ, ಅಮ್ಮ ಚಿಕ್ಕವನನ್ನ ಬಿಡಲ್ಲ. ನಡುವಿನವನು ಹೊರಡ್ತಾನೆ. ಸುಮಾರು ಜನ ಸ್ನೇಹಿತರು, ಆ ಭಾಗ ಬಿಟ್ಟುಬಿಡಿ, ಮಕ್ಕಳು ಹೆದರ್ತಾರೆ ಅಂದ್ರು. ನಾವು ಬಿಡಲಿಲ್ಲ. ಮಗಳು ಅಂಟು ಹಚ್ಚೋದು ನಿಲ್ಲಿಸಿ, ‘ನಡುವಿನೋನು ಯಾರಿಗೂ ಬೇಡ್ವಾ?’ ಅಂತ ಕೇಳಿದ್ಲು. ಅಷ್ಟು ಉದ್ದದ ಮಾತು ಅವಳು ಪೂರ್ತಿ ಕನ್ನಡದಲ್ಲಿ ಆಡಿದ್ದು ಅಪರೂಪ. ನಿಜವಾಗಿ ಬೇಕಾದ್ದನ್ನ ಕೇಳುವಾಗ ಭಾಷೆ ಬರುತ್ತೆ, ಅಭ್ಯಾಸದ ಪುಸ್ತಕ ತುಂಬಿಸುವಾಗಲ್ಲ. ನನ್ನ ಹೆಂಡತಿ ತಿರುಗಿ ಕೇಳಿದ್ಲು: ‘ನೀನು ಅವರಮ್ಮ ಆಗಿದ್ರೆ?’ ನಮ್ಮ ಮನೆ ನಾಟಕದ ಕೊನೇಲಿ ಈಗ ಆ ಅಮ್ಮ ಮೊದಲು ತಬ್ಬಿಕೊಳ್ಳೋದು ನಡುವಿನವನನ್ನೇ. ಭಾಸ ಹಾಗೆ ಬರೆದಿಲ್ಲ, ಇರಲಿ.

ನೀರು ಕುಡಿಯೋಕೆ ಹೋದವನು ತಡ ಮಾಡಿದಾಗ ಘಟೋತ್ಕಚ ‘ಮಧ್ಯಮಾ!’ ಅಂತ ಕೂಗ್ತಾನೆ, ಪಾಂಡವರ ಮಧ್ಯಮ ಭೀಮ ಓಡಿ ಬರ್ತಾನೆ. ಎದುರಿಗಿರೋದು ತನ್ನ ಮಗ ಅಂತ ಭೀಮನಿಗೆ ಗೊತ್ತಾಗುತ್ತೆ, ಮಗನಿಗೆ ಗೊತ್ತಿಲ್ಲ. ಆ ಗುಟ್ಟು ಬಚ್ಚಿಟ್ಕೊಂಡು ಕಾದಾಡೋದ್ರಲ್ಲಿ ಮಕ್ಕಳಿಗೆ ಸಿಗೋ ಖುಷಿ ನೋಡಬೇಕು. ಮಾಯಾಪಾಶಕ್ಕೆ ಅಮ್ಮನ ಹಳೇ ದುಪಟ್ಟಾ ಸಾಕು.

ಇದೇ ನಾಟಕವನ್ನ ಕಾವಾಲಂ ನಾರಾಯಣ ಪಣಿಕ್ಕರ್ 1970ರ ದಶಕದ ಕೊನೆಯಲ್ಲಿ ಸಂಸ್ಕೃತದಲ್ಲೇ ರಂಗಕ್ಕೆ ತಂದಿದ್ರು. ದೊಡ್ಡವರಿಗೆ ಅದರ ತುಣುಕುಗಳನ್ನ ನೋಡಿ ಅಂತೀನಿ. ಮಕ್ಕಳಿಗೆ ಬೇಡ, ಅವರ ಘಟೋತ್ಕಚ ಅವರದ್ದೇ ಆಗಿರಲಿ.

ಮುಂದಿನದು ‘ದೂತವಾಕ್ಯ’. ಅದರಲ್ಲಿ ಕೃಷ್ಣನ ಆಯುಧಗಳೇ ಪಾತ್ರಗಳಾಗಿ ಬರ್ತವೆ. ಪಿಜ್ಜಾ ಡಬ್ಬದ ಎರಡು ರಟ್ಟು ಸುದರ್ಶನ ಚಕ್ರಕ್ಕೆ ಅಂತ ಈಗಾಗಲೇ ಅಟ್ಟ ಸೇರಿವೆ.