ನೆಟ್ಟಗೆ ಕುಳಿತುಕೊಳ್ಳಲಾರದ ಮಗು



“ನೆಟ್ಟಗೆ ಕುಳಿತುಕೋ” ಎಂಬ ಮಾತು ಕೇಳಿಬಾರದ ವಿದ್ಯಾವಂತರ ಮನೆಯು ವಿರಳವೆಂದೇ ಹೇಳಬೇಕು. ಮಗುವು ಪುಸ್ತಕದ ಮುಂದೆ ಕುಳಿತು ಕಾಲುಗಂಟೆ ಕಳೆಯುವಷ್ಟರಲ್ಲಿ ಬೆನ್ನು ಬಾಗುತ್ತದೆ. ಗಲ್ಲವು ಅಂಗೈಗೆ ಒರಗುತ್ತದೆ. ಕೊನೆಗೆ ಎದೆಯೇ ಮೇಜಿನ ಮೇಲೆ ಬೀಳುತ್ತದೆ. ಹಿರಿಯರು ಗದರಿದೊಡನೆ ಮಗುವು ನೆಟ್ಟಗಾಗುತ್ತದೆ; ಮರುನಿಮಿಷದಲ್ಲಿ ಮತ್ತೆ ಯಥಾಪ್ರಕಾರ. ಇದಕ್ಕೆ ಸೋಮಾರಿತನವೆಂದೂ ಅವಿಧೇಯತೆಯೆಂದೂ ಹೆಸರಿಡುವುದುಂಟು. ಆದರೆ ಇಂತಹ ಎಷ್ಟೋ ಮಕ್ಕಳಲ್ಲಿ ಕೊರತೆಯಾಗಿರುವುದು ಮನಸ್ಸಲ್ಲ, ಬಲ. ಇಷ್ಟನ್ನು ತಮಗೆ ಮನಗಾಣಿಸುವುದೇ ಈ ಭಾಷಣದ ಉದ್ದೇಶ.

ಬಲವೆಂದೊಡನೆ ನಾವು ತೋಳನ್ನೂ ತೊಡೆಯನ್ನೂ ನೆನೆಯುತ್ತೇವೆ. ಆದರೆ ಕೈಕಾಲುಗಳು ಕೆಲಸಮಾಡಬೇಕಾದರೆ ಅವು ಸೇರಿಕೊಂಡಿರುವ ಮುಂಡಭಾಗವು ಸ್ಥಿರವಾಗಿರಬೇಕಷ್ಟೆ. ಅಲುಗಾಡುವ ಮೇಜಿನ ಮೇಲೆ ಅಂದವಾಗಿ ಬರೆಯಲಾದೀತೇ? ಮೇಲ್ಗಡೆ ಉಸಿರಾಟಕ್ಕೆ ಮುಖ್ಯವಾದ ವಪೆ. ಕೆಳಗಡೆ ಕಿಬ್ಬೊಟ್ಟೆಯ ತಳವನ್ನು ಹೊತ್ತ ಸ್ನಾಯುಗಳು. ಮುಂದೆಯೂ ಪಕ್ಕಗಳಲ್ಲಿಯೂ ಹೊಟ್ಟೆಯ ಸ್ನಾಯುಗಳು. ಹಿಂದೆ ಬೆನ್ನೆಲುಬನ್ನು ಹಿಡಿದುಕೊಂಡಿರುವ ಸ್ನಾಯುಗಳು. ಇವೆಲ್ಲವೂ ಕೂಡಿ ಒಂದು ಭದ್ರವಾದ ಪೆಟ್ಟಿಗೆಯಂತೆ ಏಕಕಾಲದಲ್ಲಿ ದುಡಿಯುತ್ತವೆ. ಅವು ಬೇಗ ದಣಿಯುವ ಮಗುವಿಗೆ ನೆಟ್ಟಗೆ ಕುಳಿತಿರುವುದೇ ಒಂದು ದುಡಿಮೆ. ಪಾಠಕ್ಕೆ ಉಳಿಯುವ ಗಮನವು ಅಷ್ಟಕ್ಕಷ್ಟೆ.

ಪ್ರಕೃತಿಯು ಈ ಶಿಕ್ಷಣವನ್ನು ನೆಲದ ಮೇಲೆಯೇ ಆರಂಭಿಸುತ್ತದೆ. ಬೋರಲು ಮಲಗಿದ ಕೂಸು ತಲೆಯೆತ್ತುತ್ತದೆ, ಹೊರಳುತ್ತದೆ, ಕೂರುತ್ತದೆ, ಅಂಬೆಗಾಲಿಡುತ್ತದೆ. ಇನ್ನೂ ತೆವಳಲಾರದ ಕೂಸನ್ನು ಎಚ್ಚರವಾಗಿರುವಾಗ ದಿನಕ್ಕೆ ಕನಿಷ್ಠ 30 ನಿಮಿಷ, ಸ್ವಲ್ಪ ಸ್ವಲ್ಪವಾಗಿ, ಬೋರಲು ಮಲಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯೂ, ವಾರದಲ್ಲಿ ಕನಿಷ್ಠ 3 ದಿನ ಸ್ನಾಯುಗಳನ್ನೂ ಮೂಳೆಗಳನ್ನೂ ಬಲಪಡಿಸುವ ಚಟುವಟಿಕೆಯೂ ಬೇಕೆಂಬುದು ಅದೇ ಸಂಸ್ಥೆಯ 2020ರ ಮಾರ್ಗಸೂಚಿ.

ಅಂಗಸಾಧನೆಯು ನಮ್ಮ ನಾಡಿಗೆ ಹೊಸತಲ್ಲ. ಊರೂರಿಗೆ ಗರಡಿಗಳಿದ್ದುವು, 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆಯು ಆರಂಭವಾಯಿತು, ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರ ವ್ಯಾಯಾಮಶಾಲೆಯು ಹೆಸರು ಪಡೆಯಿತು. ಆದರೆ ಶಾಲೆಗೆ ಹೋಗಿ ಸಾಧನೆಮಾಡುವವರು ಕೆಲವರು. ಮನೆಯಲ್ಲಿ ಬೆಳೆಯುವವರು ಎಲ್ಲರೂ. ಹಿಂದೆ ನೀರು ಸೇದುವುದು, ಬೀಸುವುದು, ರುಬ್ಬುವುದು, ನೆಲದ ಮೇಲೆ ಕುಳಿತೇಳುವುದು, ಇವು ತಿಳಿಯದಂತೆಯೇ ನಡುವಿಗೆ ಬಲ ಕೊಡುತ್ತಿದ್ದುವು. ಆ ದುಡಿಮೆಯ ಹೊರೆಯು ಬಹುಮಟ್ಟಿಗೆ ಹೆಣ್ಣುಮಕ್ಕಳ ಮೇಲೆ ಬೀಳುತ್ತಿದ್ದುದನ್ನು ಬಲ್ಲವರು ಅದನ್ನು ಮರಳಿ ಬಯಸಲಾರರು. ಹೊರೆಯು ಹೋದದ್ದು ಒಳ್ಳೆಯದೇ. ಅದರೊಡನೆ ಹೋದ ಬಲವನ್ನು ಮಾತ್ರ ಆಟದಿಂದ ಮರಳಿ ಪಡೆಯಬೇಕಾಗಿದೆ.

ಐದು ವರ್ಷ ತುಂಬಿದ ಮಗುವಿಗೆ ಒಂದು ಚಾಪೆಯೂ ಹತ್ತು ನಿಮಿಷವೂ ಸಾಕು. ಅಂಗೈಗಳನ್ನೂ ಪಾದಗಳನ್ನೂ ನೆಲಕ್ಕೂರಿ, ಸೊಂಟವನ್ನೆತ್ತಿ ಕರಡಿಯಂತೆ ನಡೆಯಲಿ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಸೇತುವೆಯಂತೆ ಎತ್ತಲಿ. ಅದರಡಿಯಲ್ಲಿ ತಮ್ಮನೋ ತಂಗಿಯೋ ಚೆಂಡು ಉರುಳಿಸಲಿ. ಅಂಬೆಗಾಲಿನಲ್ಲಿ ನಿಂತು ಬಲಗೈಯನ್ನೂ ಎಡಗಾಲನ್ನೂ, ಅನಂತರ ಎಡಗೈಯನ್ನೂ ಬಲಗಾಲನ್ನೂ ನೀಳವಾಗಿ ಚಾಚಲಿ. ಮಗುವು ಕೈಗಳ ಮೇಲೆ ನಡೆಯುವಾಗ ಹಿರಿಯರು ಹಿಂದಿನಿಂದ ಅದರ ತೊಡೆಗಳನ್ನು ಹಿಡಿದುಕೊಳ್ಳಬಹುದು. ಮೊದಮೊದಲು ಪಾದಗಳನ್ನು ಹಿಡಿದರೆ ಬೆನ್ನು ಜೋತುಬೀಳುತ್ತದೆ. ಅಂಗಳದಲ್ಲಿ ಕುಂಟೆಬಿಲ್ಲೆಯಂತೂ ಇದ್ದೇ ಇದೆ.

ಎರಡು ನಿಯಮಗಳನ್ನು ಮರೆಯಬಾರದು. ಉಸಿರು ಬಿಗಿಹಿಡಿಯಕೂಡದು, ಮಗುವಿನಿಂದ ಗಟ್ಟಿಯಾಗಿ ಎಣಿಸಿದರೆ ಇದು ತಾನಾಗಿಯೇ ನೆರವೇರುವುದು. ಬೆನ್ನು ಕುಸಿಯತೊಡಗಿದೊಡನೆ ನಿಲ್ಲಿಸಬೇಕು. ಕೆಟ್ಟ ರೀತಿಯಲ್ಲಿ ಮಾಡಿದ ಇಪ್ಪತ್ತಕ್ಕಿಂತ ಚೆನ್ನಾಗಿ ಮಾಡಿದ ಐದು ಮೇಲು. ಇನ್ನು ಓದುವಾಗ ಮಗುವಿನ ಪಾದಗಳು ಕುರ್ಚಿಯಿಂದ ತೂಗಾಡುತ್ತಿದ್ದರೆ ಕೆಳಗೊಂದು ಮಣೆಯಿಡಿರಿ. ಕಾಲಿಗೆ ಆಧಾರವಿಲ್ಲದೆ ಬೆನ್ನಿಗೆ ಆಜ್ಞೆಮಾಡುವುದು ನ್ಯಾಯವಲ್ಲ.

ಫಲವನ್ನು ಅಳತೆಯ ಪಟ್ಟಿಯಿಂದ ಅಳೆಯಬೇಡಿರಿ. ಪ್ರಾಯಕ್ಕೆ ಬಾರದ ಮಕ್ಕಳಲ್ಲಿ ಬಲವು ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದರಿಂದ, ಸ್ನಾಯುಗಳು ಉಬ್ಬುವುದರಿಂದಲ್ಲ. ಕೆಲವು ವಾರಗಳ ತರುವಾಯ ಮಗುವು ಮೊದಲಿಗಿಂತ ಹೆಚ್ಚು ಹೊತ್ತು ಒರಗದೆ ಕುಳಿತರೆ ಅದೇ ಫಲ.

ಆದರೆ ಎಲ್ಲ ದೌರ್ಬಲ್ಯವೂ ಆಟದಿಂದ ನೀಗುವುದಲ್ಲ. ನೆಲದಿಂದ ಏಳುವಾಗ ಮಗುವು ತನ್ನ ತೊಡೆಗಳ ಮೇಲೆ ಕೈಯೂರಿ, ತನ್ನ ಮೈಯನ್ನೇ ತಾನು ಹತ್ತಿದಂತೆ ಎದ್ದರೆ, ಅದು ಸ್ನಾಯುರೋಗದ ಸೂಚನೆಯಾಗಿರಬಹುದು. ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ 1879ರಲ್ಲಿ ಇದನ್ನು ವಿವರಿಸಿದರು. ಬಂದಿದ್ದ ನಡಿಗೆಯು ತಪ್ಪಿದರೆ, ಪದೇ ಪದೇ ಬೀಳುತ್ತಿದ್ದರೆ, ಬೆನ್ನುನೋವು ಬಿಡದೆ ಕಾಡಿದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಇಲ್ಲಿಯೂ ಸೋಮಾರಿಯೆಂಬ ಹೆಸರಿಟ್ಟು ಸುಮ್ಮನಾದರೆ, ಅಮೂಲ್ಯವಾದ ಕಾಲವು ವ್ಯರ್ಥವಾಗುತ್ತದೆ.

ಈ ಸಂಜೆ ಪಾಠಕ್ಕೆ ಮೊದಲು ತಂದೆತಾಯಿಗಳೂ ಹತ್ತು ನಿಮಿಷ ಚಾಪೆಯ ಮೇಲೆ ಇಳಿದು ಬರಲಿ. ಕರಡಿಯ ನಡಿಗೆಯಲ್ಲಿ ಮೊದಲು ದಣಿಯುವವರು ಯಾರೆಂಬುದನ್ನು ಮಕ್ಕಳೇ ಹೇಳುವರು.