ಸೀಳಿದ ದೋಟಿ, ಬಿರುಕುಬಿಟ್ಟ ಸೈಕಲ್
(ಬೆಳೆಗಾರರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ಕೊಯ್ಲಿನಲ್ಲಿ ನಮ್ಮ ಮನೆಯ ಕಾರ್ಬನ್ ಫೈಬರ್ ದೋಟಿ ಸೀಳಿತು. ಮೇಲಿನಿಂದ ಮೂರನೆಯ ಕೊಳವೆಯ ಬಾಯಲ್ಲಿ ಗೇಣುದ್ದದ ಸೀಳು. ಮಾರಿದವರನ್ನು ವಿಚಾರಿಸಿದೆ. ಆ ಒಂದು ಕೊಳವೆ ಮಾತ್ರ ಸಿಗದು, ಹೊಸ ದೋಟಿಯನ್ನೇ ಕೊಳ್ಳಿರಿ ಎಂಬ ಉತ್ತರ ಬಂದಿತು. ಅದೇ ವಾರ ಪರಿಚಯದ ವಿದ್ಯಾರ್ಥಿಯೊಬ್ಬ ಘಟ್ಟದ ತಿರುವಿನಲ್ಲಿ ಬಿದ್ದು, ಬಿರುಕುಬಿಟ್ಟ ತನ್ನ ಕಾರ್ಬನ್ ಸೈಕಲ್ಲಿನ ಚೌಕಟ್ಟನ್ನು ತಂದು ನಮ್ಮ ಜಗಲಿಯ ಮೇಲಿಟ್ಟ. ಎರಡೂ ಒಂದೇ ವಸ್ತುವಿನವು. ಸೈಕಲ್ ಚೌಕಟ್ಟನ್ನು ಸರಿಪಡಿಸುವ ಕ್ರಮವನ್ನು ಆತ ಓದಿ ತಿಳಿದಿದ್ದ. ಮಣ್ಣು, ಬೆಳೆ, ರೋಗ ಇವಿಷ್ಟೇ ಗೊತ್ತಿದ್ದ ನಾನು ಅವನಿಂದ ಕಲಿತೆ. ಇಂದು ಹೇಳಹೊರಟಿರುವುದು ಆ ಕೆಲಸದ ಕುರಿತು.

ಬಿದಿರಿನ ದೋಟಿಯೂ ಇದೇ ತತ್ತ್ವದ್ದೆಂಬುದನ್ನು ಮೊದಲು ಗಮನಿಸಬೇಕು. ಬಿದಿರೆಂದರೆ ಉದ್ದನೆಯ ನಾರುಗಳು ಮತ್ತು ಅವುಗಳನ್ನು ಹಿಡಿದಿಟ್ಟಿರುವ ಅಂಟು. ಕಾರ್ಬನ್ ಕೊಳವೆಯೂ ನಾರು ಮತ್ತು ಅಂಟು. ಇಲ್ಲಿನ ನಾರು 5ರಿಂದ 7 ಮೈಕ್ರಾನ್ ದಪ್ಪದ್ದು, ತಲೆಗೂದಲಿನ ಸುಮಾರು ಹತ್ತನೆಯ ಒಂದು ಪಾಲು. ಅಂಟು ಎಪಾಕ್ಸಿ ರಾಳ. 1880ರಲ್ಲಿ ಎಡಿಸನ್ ತನ್ನ ವಿದ್ಯುದ್ದೀಪಕ್ಕೆ ಬಿದಿರನ್ನೇ ಇಂಗಾಲವಾಗಿಸಿ ಎಳೆ ಮಾಡಿದ್ದನೆಂಬುದು ಇಲ್ಲಿ ನೆನಪಾಗುತ್ತದೆ. ಈಗಿನ ನಾರಿನ ಮೂಲವಾದರೋ ಪೆಟ್ರೋಲಿಯಂ. ಅದನ್ನು ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸುತ್ತಾರೆ. ಅಷ್ಟೊಂದು ಇಂಧನವನ್ನು ನುಂಗಿದ ವಸ್ತು ಅದು.

ಮುರಿದ ಬಿದಿರು ಒಲೆಗೋ ಗೊಬ್ಬರದ ಗುಂಡಿಗೋ ಹೋಗುತ್ತಿತ್ತು. ಕಾರ್ಬನ್ ಕೊಳವೆ ಎಲ್ಲಿಗೂ ಹೋಗಲಾರದು. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗದು, ಆದುದರಿಂದ ಗುಜರಿಯವರಿಗೆ ಬೇಡ. ಮಣ್ಣು ಅದನ್ನು ತಿನ್ನದು. ಸುಟ್ಟರೆ ರಾಳ ವಿಷದ ಹೊಗೆಯಾಗಿ, ನಾರು ಸೂಕ್ಷ್ಮ ಚೂರುಗಳಾಗಿ ಗಾಳಿಗೆ ಸೇರುತ್ತದೆ. ದೋಟಿ ಬಂದದ್ದು ಕೆಟ್ಟದ್ದೆಂದು ನಾನು ಹೇಳಲಾರೆ. ಪಾಚಿಗಟ್ಟಿದ 60 ಅಡಿಯ ಅಡಿಕೆ ಮರದಿಂದ ಜಾರಿದವರ ಮನೆಗಳನ್ನು ನಾವೆಲ್ಲ ಬಲ್ಲೆವು. ಆದರೆ ತೋಟದ ಮೂಲೆಗಳಲ್ಲಿ ಈ ಕಪ್ಪು ತುಂಡುಗಳು ಬೀಳತೊಡಗಿವೆ. ಆದ್ದರಿಂದಲೇ ದುರಸ್ತಿಯ ಮಾತು.

ಮೊದಲು ಪರೀಕ್ಷೆ. ಕಣ್ಣಿಗೆ ಕಾಣುವ ಬಿರುಕಿಗಿಂತ ಒಳಪದರಗಳು ಬಿಟ್ಟುಕೊಂಡಿರುವ ಜಾಗ ದೊಡ್ಡದಿರಬಹುದು. ನಾಣ್ಯದಿಂದ ಕೊಳವೆಯ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಜಾಗ 'ಟಣ್' ಎನ್ನುತ್ತದೆ, ಬಿಟ್ಟ ಜಾಗ 'ಡಬ್' ಎನ್ನುತ್ತದೆ. ಹಲಸಿನ ಹಣ್ಣನ್ನು ತಟ್ಟಿ ನೋಡಿದ ಕಿವಿಗೆ ಇದು ಕಷ್ಟವಲ್ಲ. ದನಿ ಬದಲಾದಲ್ಲೆಲ್ಲ ಸುಣ್ಣದ ಗೆರೆ ಹಾಕಿರಿ.

ಇನ್ನು ಮುಖ್ಯವಾದ ಮಾತು. ನಮ್ಮ ಊರುಗಳಲ್ಲಿ ನಾನು ಕಂಡ ದುರಸ್ತಿಗಳಲ್ಲಿ ಹೆಚ್ಚಿನವು ಬಿರುಕಿನ ಸುತ್ತ ತಂತಿ ಬಿಗಿದು ಮೇಲೆ ಅಂಟು ಮೆತ್ತಿದಂಥವು. ಉದ್ದಕ್ಕೆ ಸೀಳಿದ ಕೊಳವೆಗೆ ಸುತ್ತಿ ಬಿಗಿಯುವುದು ಸರಿಯೇ, ಏಕೆಂದರೆ ಸೀಳು ಬಾಯಿಬಿಡದಂತೆ ಅದು ತಡೆಯುತ್ತದೆ. ಅಡ್ಡಕ್ಕೆ ಬಿರಿದ ಕೊಳವೆಗೆ ಎಷ್ಟು ಸುತ್ತಿದರೂ ವ್ಯರ್ಥ. ಅಲ್ಲಿ ತುಂಡಾಗಿರುವುದು ಉದ್ದ ನಾರು. ಸುತ್ತಿದ ಒಂದೆಳೆಯೂ ಬಿರುಕನ್ನು ದಾಟಿ ಆಚೆ ದಡಕ್ಕೆ ಹೋಗುವುದಿಲ್ಲ. ಹೊಳೆಯ ಎರಡು ದಡಗಳಲ್ಲಿ ಬೇಲಿ ಕಟ್ಟಿದರೆ ಸಂಕವಾಗುವುದೇ? ಉದ್ದ ನಾರನ್ನು ಬಿರುಕಿನ ಮೇಲೆ ಹಾಯಿಸಿ ಮಲಗಿಸಬೇಕು, ಆಮೇಲೆ ಅದರ ಮೇಲೆ ಸುತ್ತಬೇಕು. ನಮ್ಮ ದೋಟಿಯದು ಉದ್ದ ಸೀಳು, ಕ್ಲಾಂಪನ್ನು ಅತಿಯಾಗಿ ಬಿಗಿದುದರ ಫಲ. ಸೈಕಲ್ಲಿನದು ಅಡ್ಡ ಬಿರುಕು.

ಕ್ರಮ ಹೀಗೆ. ಬೋರ್ಡೋ ದ್ರಾವಣದ ಸುಣ್ಣದ ಕಲೆಯನ್ನು ತೊಳೆದು, ಪೂರ್ತಿ ಒಣಗಿಸಿ. ಬಿರುಕಿನ ಎರಡೂ ಕಡೆ ಸ್ಯಾಂಡ್‌ಪೇಪರಿನಿಂದ ಇಳಿಜಾರಾಗಿ ತೇಯಬೇಕು. ಗೋಡೆ ಒಂದೂವರೆ ಮಿಲಿಮೀಟರ್ ದಪ್ಪವಿದ್ದರೆ ಪ್ರತಿ ಕಡೆಗೂ 5-6 ಸೆಂಟಿಮೀಟರ್ ಇಳಿಜಾರು ಬೇಕು. ನೀರು ಹಾಕಿ ತೇಯಿರಿ. ಆ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಕೇಡು. ಎನ್-95 ಮುಖಗವಸು, ಕೈಗವಸು ಇಲ್ಲದೆ ಕೂರಬೇಡಿ. ತೇದ ಮೇಲೆ ಮತ್ತೆ ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ. ಎಪಾಕ್ಸಿಯನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲೇ ತೂಗಿ ಬೆರೆಸಿ. ಹಾರ್ಡನರ್ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ರಾಳ ದುರ್ಬಲವಾಗುತ್ತದೆ, ಅಷ್ಟೇ. ಕಾರ್ಬನ್ ಬಟ್ಟೆಯ ಪಟ್ಟಿಗಳನ್ನು ರಾಳದಲ್ಲಿ ನೆನೆಸಿ, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಸೆಂಟಿಮೀಟರ್ ಉದ್ದವಿರುವಂತೆ ಪದರ ಪದರವಾಗಿ ಹಾಕಬೇಕು. ಕೊನೆಯಲ್ಲಿ ವಿದ್ಯುತ್ ಟೇಪನ್ನು ಅಂಟು ಹೊರಗಿರುವಂತೆ ಬಿಗಿಯಾಗಿ ಸುತ್ತಿ, ಸೂಜಿಯಿಂದ ಅಲ್ಲಲ್ಲಿ ಚುಚ್ಚಿರಿ. ಹೆಚ್ಚಿನ ರಾಳ ಆ ತೂತುಗಳಿಂದ ಬಸಿಯುತ್ತದೆ, ಪದರಗಳು ಒತ್ತಿ ಕೂರುತ್ತವೆ. ಒಂದು ದಿನ ಮುಟ್ಟಬೇಡಿ, ಒಂದು ವಾರ ಭಾರ ಹಾಕಬೇಡಿ. ಸುರಿವ ಮಳೆಯ ದಿನ ಈ ಕೆಲಸ ಬೇಡ. ಬೇಗ ಆಗಲೆಂದು ಒಲೆಯ ಮೇಲೆ ಹಿಡಿಯುವುದೂ ಬೇಡ. ಮನೆಯಲ್ಲಿ ಗಟ್ಟಿಗೊಳಿಸಿದ ರಾಳ ಸಾಮಾನ್ಯವಾಗಿ 50-60 ಡಿಗ್ರಿಗೆ ಮೆತ್ತಗಾಗುತ್ತದೆ. ಆದ್ದರಿಂದ ದುರಸ್ತಿಯಾದ ದೋಟಿಯನ್ನು ಅಂಗಳದ ಬಿಸಿಲಿಗೆ ಒರಗಿಸಬಾರದು.

ದೋಟಿಗೆ ಸೈಕಲ್ಲಿಗಿಲ್ಲದ ಒಂದು ತೊಡಕಿದೆ. ಒಂದರೊಳಗೊಂದು ಜಾರುವ ಕೊಳವೆಗಳಲ್ಲಿ ನಡುವೆ ಪಟ್ಟಿ ಸುತ್ತಿದರೆ ಕೊಳವೆ ಒಳಗಿಳಿಯದು. ಬಾಯಿಯ ಭಾಗ ಹೇಗೂ ಹೊರಗೇ ಇರುವುದರಿಂದ ಅಲ್ಲಿ ಸುತ್ತಬಹುದು. ಅಡ್ಡ ಬಿರುಕು ಬಾಯಿಗೆ ಸಮೀಪವಿದ್ದರೆ ನನ್ನ ಸಲಹೆ, ಅಷ್ಟನ್ನು ಕತ್ತರಿಸಿ, ಹೊಸ ಬಾಯಿಗೆ ಸುತ್ತುಪಟ್ಟಿ ಹಾಕಿ, ಕ್ಲಾಂಪ್ ಕೂರಿಸಿರಿ. ಗೇಣುದ್ದ ಕಡಿಮೆಯಾದೀತು, ದೋಟಿ ಉಳಿದೀತು. ನಡುವೆ ಅಡ್ಡ ಬಿರಿದುದನ್ನು ಪೂರ್ಣ ಎತ್ತರಕ್ಕೆ ಬಳಸಬೇಡಿ. ಸೈಕಲ್ಲಿನಲ್ಲಿಯೂ ಚೌಕಟ್ಟಿನ ಕೊಳವೆಗಳಿಗಷ್ಟೇ ಈ ಮಾತು. ಮುಂದಿನ ಫೋರ್ಕ್ ಮತ್ತು ಹ್ಯಾಂಡಲ್ ಬಿರಿದರೆ ಮನೆಯ ದುರಸ್ತಿ ಸಲ್ಲದು. ಉಕ್ಕು ಬಾಗಿ ಎಚ್ಚರಿಸುತ್ತದೆ. ಕಾರ್ಬನ್ ಬಾಗದೆ ಒಮ್ಮೆಲೇ ಮುರಿಯುತ್ತದೆ. ಆ ವಿದ್ಯಾರ್ಥಿಯ ಫೋರ್ಕ್ ತಟ್ಟಿದಾಗ ದನಿ ಸರಿಯಿರಲಿಲ್ಲ. ಹೊಸದನ್ನು ಕೊಳ್ಳುವವರೆಗೆ ಸೈಕಲ್ ಏರಬೇಡವೆಂದೆ. ಅವನಿಗೆ ಬೇಸರವಾಯಿತು, ಆದರೆ ಒಪ್ಪಿದ.

ಮುರಿಯುವ ದೋಟಿ ನಾವೆಣಿಸಿದ ಕಡೆಗೆ ಬೀಳದು. ಕಾರ್ಬನ್ ಲೋಹವಲ್ಲವಾದುದರಿಂದ ವಿದ್ಯುತ್ ಹರಿಯದೆಂದು ಹಲವರು ನಂಬಿದ್ದಾರೆ. ಇಂಗಾಲ ವಿದ್ಯುದ್ವಾಹಕ. ಹಿಡಿಗೆ ಸುತ್ತಿದ ರಬ್ಬರ್ ಆಗಲಿ, ನಾವು ಹಾಕಿದ ರಾಳದ ಪಟ್ಟಿಯಾಗಲಿ 11 ಕಿಲೋವೋಲ್ಟ್ ತಂತಿಯಿಂದ ಕಾಯದು. ದೋಟಿಯ ಪೂರ್ತಿ ಉದ್ದಕ್ಕಿಂತ ತಂತಿ ಹತ್ತಿರವಿದ್ದರೆ, ವಿದ್ಯುತ್ ಇಲಾಖೆಯವರು ಲೈನ್ ನಿಲ್ಲಿಸಿದ ಮೇಲೆಯೇ ದೋಟಿ ಎತ್ತಿರಿ.

ಹೊರಗೆ ಜಗಲಿಯಲ್ಲಿ ಮೂರು ಕೊಳವೆಗಳನ್ನಿಟ್ಟಿದ್ದೇನೆ. ಒಂದು ಗಟ್ಟಿ, ಒಂದು ದುರಸ್ತಿಯಾದದ್ದು, ಇನ್ನೊಂದು ಮೇಲೆ ನುಣುಪಾಗಿ ಕಂಡರೂ ಒಳಗೆ ಬಿಟ್ಟದ್ದು. ಯಾವುದು ಯಾವುದೆಂದು ಹೇಳುವುದಿಲ್ಲ. ನಾಣ್ಯ ಇದ್ದವರು ಬನ್ನಿ.